ಇಳಿಜಾರು ರಂಗ

ಸೋಮವಾರದ ಆಟ, ಮೂರನೆಯ ಅಂಕ. ಬರ್ನ್ಲಿ ಥಿಯೇಟರಿನ ಮೇಲಿನ ಅಗ್ಗದ ಗ್ಯಾಲರಿಯ ತುತ್ತತುದಿಯಿಂದ ಒಬ್ಬ ಗಂಡಸು ಕೂಗಿ ಹೇಳಿದ: "ಈ ಕಡೆ ತಿರುಗವ್ವ ತಾಯಿ. ದುಡ್ಡು ಕೊಟ್ಟು ನಿನ್ನ ಜಡೆ ನೋಡಾಕೆ ಬಂದಿಲ್ಲ ನಾವು."

ಗ್ಯಾಲರಿ ಪೂರ್ತಿ ನಕ್ಕಿತು. ಹೆಸ್ಟರ್ ಬ್ಲಾಮೈರ್ ಮಾತು ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. ನಾನು ಪ್ರಾಂಪ್ಟರ್. ರಂಗದ ಪಕ್ಕದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಪಿಸುಗುಟ್ಟಿ ನೆನಪಿಸುವುದು ನನ್ನ ಕೆಲಸ. ಆ ಮೂಲೆಯಿಂದ ಎಲ್ಲರ ಅರ್ಧ ಮುಖ ಕಾಣುತ್ತದೆ. ಅವಳ ಅರ್ಧ ಮುಖ ಬಣ್ಣದ ಅಡಿಯಲ್ಲೂ ಕೆಂಪೇರಿತ್ತು. ಅವಳ ಮಾತೆಲ್ಲ ಹೋಗಿ ಹಿಂಬದಿಯ ಪರದೆಯ ಮೇಲೆ ಬರೆದ ಗುಡ್ಡಕ್ಕೆ ಬಡಿದು ಅಲ್ಲೇ ಸಾಯುತ್ತಿತ್ತು.

ತಪ್ಪು ಅವಳದಲ್ಲ. ನಮ್ಮ ಕಂಪನಿಯ ಯಜಮಾನರು ಮೇಲಕ್ಕೆ ಹೋಗಿದ್ದರು.

ನಮ್ಮ ಥಿಯೇಟರುಗಳ ರಂಗ ಸಮತಟ್ಟಾಗಿರುವುದಿಲ್ಲ. ಪ್ರೇಕ್ಷಕರ ಕಡೆ ತಗ್ಗು, ಹಿಂದಿನ ಪರದೆಯ ಕಡೆ ಎತ್ತರ. ಹಿಂದೆ ನಿಂತವರೂ ಪೂರ್ತಿ ಕಾಣಲಿ ಅಂತ ಯಾವ ಕಾಲದಲ್ಲೋ ಯಾರೋ ಬಡಗಿ ಹಲಗೆಯನ್ನು ಓರೆಯಾಗಿ ಹೊಡೆದ, ಆಮೇಲೆ ಬಂದವರೂ ಹಾಗೇ ಹೊಡೆದರು. ಹಿಂದುಗಡೆ ಒಂದು ಕಿತ್ತಳೆ ಇಟ್ಟರೆ ಉರುಳಿಕೊಂಡು ಬಂದು ಮುಂದಿನ ದೀಪಗಳ ತಗಡಿಗೆ ಢಬ್ ಅಂತ ಬಡಿಯುತ್ತದೆ. ಹಾಗಾಗಿ ನಮ್ಮ ಜನಕ್ಕೆ ಹಿಂದೆ ಹೋಗುವುದು ಅಂದರೆ ಮೇಲೆ ಹೋಗುವುದು. ಅಪ್‌ಸ್ಟೇಜ್. ಮುಂದೆ ಬಂದರೆ ಕೆಳಗೆ ಬಂದ ಹಾಗೆ.

ಈಗ ಆ ಮಾತು ಊರೆಲ್ಲ ಓಡಾಡುತ್ತಿದೆ. ಮೊನ್ನೆ ಅಂಚೆ ಕಚೇರಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು, ತನ್ನ ನಾದಿನಿ ಮದುವೆಗೆ ನವಿಲುಗರಿಯ ಟೋಪಿ ಹಾಕಿಕೊಂಡು ಬಂದು ಮದುಮಗಳನ್ನೇ ಅಪ್‌ಸ್ಟೇಜ್ ಮಾಡಿಬಿಟ್ಟಳು ಅಂತ ದೂರುತ್ತಿದ್ದಳು. ಆಕೆ ಇಳಿಜಾರಿನ ಮೇಲೆ ಒಂದು ದಿನವೂ ನಿಂತವಳಲ್ಲ. ನಾನು ನಿಂತಿದ್ದೇನೆ. ಆ ಮಾತು ಹುಟ್ಟಿದ್ದು ಮೀನಖಂಡದ ನೋವಿನಲ್ಲಿ.

ಅದನ್ನು ಮಾಡುವ ರೀತಿ ಬಹಳ ಸುಲಭ. ಇಬ್ಬರು ಅಕ್ಕಪಕ್ಕ ನಿಂತು ಮಾತಾಡುತ್ತಿರುತ್ತಾರೆ. ಒಬ್ಬ ಏನೋ ಯೋಚನೆ ಬಂದವನ ಹಾಗೆ ನಿಧಾನವಾಗಿ ಹಿಂದಕ್ಕೆ, ಅಂದರೆ ಮೇಲಕ್ಕೆ, ಸರಿಯುತ್ತಾನೆ. ಯಾರಿಗೆ ಮಾತಾಡುತ್ತಿದ್ದೀಯೋ ಅವರ ಮುಖ ನೋಡಿ ಮಾತಾಡಬೇಕು ಅನ್ನುವುದು ಕಂಪನಿಗಳಲ್ಲಿ ಹಾಲು ಕುಡಿಯುವ ವಯಸ್ಸಿನಲ್ಲೇ ಕಲಿಸುವ ನಿಯಮ. ಹಾಗಾಗಿ ಕೆಳಗೆ ಉಳಿದವಳು ಅವನ ಕಡೆ ತಿರುಗಲೇಬೇಕು. ತಿರುಗಿದಳೋ, ಅವಳ ಬೆನ್ನು ಜನಕ್ಕೆ. ಅವನ ಮುಖದ ಮೇಲೆ ದೀಪ, ಅವನ ಹುಬ್ಬಿನ ಮೇಲೆ ಎಲ್ಲರ ಕಣ್ಣು. ಮಾತು ಅವಳದು, ಆಟ ಅವನದು.

ನಮ್ಮ ಯಜಮಾನರು ಲೂಷಿಯನ್ ಹಾರ್ಬಾಟಲ್ ಇದರಲ್ಲಿ ನಿಸ್ಸೀಮರು. ಕಂಪನಿ ಅವರದು, ಪರದೆ ಪೆಟ್ಟಿಗೆ ಅವರವು, ಮುಖ್ಯ ಪಾತ್ರವೂ ಅವರದೇ. ತಾಲೀಮಿನಲ್ಲಿ ಸಾಧು ಹಸುವಿನ ಹಾಗೆ ಹೆಸ್ಟರಳ ಪಕ್ಕದಲ್ಲೇ ನಿಂತಿರುತ್ತಿದ್ದರು. ಆಟದ ಹೊತ್ತಿಗೆ ಅವರ ಕಾಲಿಗೆ ಬೇರೆ ಬುದ್ಧಿ ಬರುತ್ತಿತ್ತು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ನನ್ನ ಗಂಡ ಹೋದಾಗ ಯಾರೂ ಕೇಳದೆ ಇದ್ದರೂ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸಿದವರು ಅವರು. ಆದರೆ ಅವರ ಹಲ್ಲು ಕಟ್ಟಿಸಿದ್ದು, ಕೂದಲು ಅಂಟಿಸಿದ್ದು, ಮಂಡಿ ಬಾವು. ಉಳಿದಿದ್ದು ಆ ದೊಡ್ಡ ಮುಖ ಒಂದೇ. ಅದನ್ನು ಜನ ನೋಡದೆ ಇರುವ ಒಂದು ನಿಮಿಷವನ್ನೂ ಅವರು ತಡೆದುಕೊಳ್ಳಲಾರರು.

ಹಳೇ ರಾಣಿ ತೀರಿಕೊಂಡ ಮರುವರ್ಷ ಅದು. ಲ್ಯಾಂಕಶೈರಿನ ಹತ್ತಿಗಿರಣಿ ಊರುಗಳಲ್ಲಿ ವಾರಕ್ಕೊಂದು ಊರಿನ ಹಾಗೆ 'ಗಣಿಯ ಒಡೆಯ' ಆಡುತ್ತಿದ್ದೆವು. ಯಜಮಾನರು ಕಲ್ಲುಗಣಿಯ ಒಡೆಯ, ಹೆಸ್ಟರ್ ಅವರ ಮಗಳು. ಗಣಿಯಲ್ಲಿ ಹಗ್ಗ ಕಿತ್ತು ಮಗ ವಿಲ್ ಸತ್ತಿರುತ್ತಾನೆ. ಹಗ್ಗ ಸವೆದಿದೆ, ಬದಲಾಯಿಸಿ ಅಂತ ಮಗ ಕೇಳಿದ್ದ, ಅಪ್ಪ ಆಗಲಿ ನೋಡೋಣ ಅಂದಿದ್ದ ಅನ್ನುವುದು ಮಗಳಿಗೆ ಗೊತ್ತಾಗುತ್ತದೆ. ಮೂರನೆಯ ಅಂಕದಲ್ಲಿ ಅದನ್ನು ಅಪ್ಪನಿಗೆ ಹೇಳಿ ಮನೆ ಬಿಡುತ್ತಾಳೆ. ನಾಟಕದಲ್ಲಿ ಅದೊಂದೇ ಮಾತು ನಿಜವಾದದ್ದು. ಮಿಕ್ಕಿದ್ದೆಲ್ಲ ತಗಡು ಬಡಿದ ಗುಡುಗು. ಬರ್ನ್ಲಿಯ ಗ್ಯಾಲರಿಯಲ್ಲಿ ಕೂತವರು ಮಗ್ಗದ ಪಟ್ಟಿಗೆ ಸಿಕ್ಕಿ ಕೈ ಕಳೆದುಕೊಂಡವರು, ಕಳೆದುಕೊಂಡವರ ಹೆಂಡಿರು. ಅವರಿಗೆ ಆ ಮಾತು ಕೇಳಿಸಬೇಕಿತ್ತು. ಅವರಿಗೆ ಕಾಣಿಸಿದ್ದು ಜಡೆ.

ಮಂಗಳವಾರ ಯಜಮಾನರು ನನ್ನನ್ನು ಕರೆಸಿ, ಬ್ಲಾಮೈರ್ ಹುಡುಗಿಯ ದನಿ ಗ್ಯಾಲರಿಗೆ ಮುಟ್ಟುತ್ತಿಲ್ಲ, ಪಾಪ, ಶ್ವಾಸಕೋಶ ಚಿಕ್ಕದು ಅಂದರು. ಸೋಮವಾರದಿಂದ ಮುಂದಿನ ಊರು ಬ್ಲ್ಯಾಕ್‌ಬರ್ನಿನಲ್ಲಿ ಆ ಪಾತ್ರಕ್ಕೆ ಮಿಸ್ ಪಿಮ್ ಬರುತ್ತಾಳೆ. ಹೆಸ್ಟರ್ ಮತ್ತೆ ಚಹಾ ತಟ್ಟೆ ತರುವ ಕೆಲಸದವಳ ಪಾತ್ರಕ್ಕೆ ಹೋಗಬಹುದು, ಇಲ್ಲವೆ ಮನೆಗೆ. ಶನಿವಾರದ ತನಕ ಆಡಲಿ. ಇದನ್ನು ಮೃದುವಾಗಿ ಹೇಳು ಅಂತ ನನಗೇ ಹೊರಿಸಿದರು.

ಮೃದುವಾಗಿ ಹೇಳಲು ನನಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡು ಕೈಯಲ್ಲಿ ಕರವಸ್ತ್ರ ಹಿಡಿದುಕೊಂಡೇ ಹೋಗಿದ್ದೆ. ಅವಳು ಕನ್ನಡಿಯ ಮುಂದೆ ಕೂತು ಹುಬ್ಬಿನ ಬಣ್ಣ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು.

"ಕೆಲಸದವಳ ಪಾತ್ರ ಎರಡು ವರ್ಷ ಮಾಡಿದೀನಿ, ಮಿಸೆಸ್ ಗ್ರೀವ್," ಅಂದಳು. "ಇನ್ನು ಮಾಡಲ್ಲ. ಮನೆಗೂ ಹೋಗಲ್ಲ. ಆ ಮಾತು ಅವರಿಗೆ ಕೇಳಿಸೋ ಹಾಗೆ ಆಡ್ತೀನಿ."

ಹೇಗೆ ಅಂತ ಕೇಳಿದೆ. ಗೊತ್ತಿಲ್ಲ, ಶನಿವಾರ ಇನ್ನೂ ದೂರ ಇದೆಯಲ್ಲ ಅಂದಳು.

ಬುಧವಾರ ಅವಳು ಮಾಡಿದ್ದು ಹೊಸಬರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪು. ಯಜಮಾನರು ಮೇಲಕ್ಕೆ ಸರಿದ ಹಾಗೆ ಅವಳೂ ಮೇಲಕ್ಕೆ ಸರಿದಳು. ಅವರು ಇನ್ನೂ ಒಂದು ಹೆಜ್ಜೆ ಇಟ್ಟರು, ಇವಳೂ ಇಟ್ಟಳು. ಮಾತಿಗೊಂದು ಹೆಜ್ಜೆಯಂತೆ ಅಪ್ಪ ಮಗಳು ಇಬ್ಬರೂ ದುಃಖದ ಮುಖ ಹೊತ್ತು ಇಳಿಜಾರು ಹತ್ತಿದರು. ನಾನು ಮೂಲೆಯಿಂದ ಸಾಕು ಸಾಕು ಅಂತ ಕೈ ಆಡಿಸುತ್ತಿದ್ದರೂ ಇಬ್ಬರಿಗೂ ಕಾಣಲಿಲ್ಲ.

ಹಿಂದಿನ ಪರದೆಯ ಮೇಲೆ ಬರೆದ ಗುಡ್ಡ, ಗುಡ್ಡದ ಕೆಳಗಿನ ಮನೆಗಳು ದೂರದಿಂದ ನೋಡಲಿ ಅಂತ ಬರೆದವು. ಮನೆಯ ಬಾಗಿಲು ಒಂದು ಗೇಣು ಎತ್ತರ, ಚರ್ಚಿನ ಗೋಪುರ ಯಜಮಾನರ ಸೊಂಟಕ್ಕೆ. ಆದ್ದರಿಂದಲೇ ಯಾರೂ ಪರದೆಯ ಹತ್ತಿರ ಹೋಗಬಾರದು ಅಂತ ಹಲಗೆಯ ಮೇಲೆ ಸುಣ್ಣದ ಗೆರೆ ಎಳೆದಿರುತ್ತೇವೆ. ಇಬ್ಬರೂ ಅದನ್ನು ದಾಟಿದರು. ಯಜಮಾನರು ಚರ್ಚಿನ ಗೋಪುರದ ಪಕ್ಕ ರಾಕ್ಷಸನ ಹಾಗೆ ನಿಂತರು, ಹೆಸ್ಟರಳ ಲಂಗ ಒಂದು ಬೀದಿಯನ್ನೇ ಮುಚ್ಚಿತು.

"ಮೆಲ್ಲಕೆ ಹೆಜ್ಜೆ ಇಡಿ ಸ್ವಾಮಿ," ಅಂತ ಗ್ಯಾಲರಿಯಿಂದ ಒಂದು ದನಿ ಬಂತು. "ಒಳಗೆ ಜನ ಮಲಗವ್ರೆ."

ಆಮೇಲೆ ಆ ಅಂಕ ಮುಗಿಯುವ ತನಕ ಯಾರಿಗೂ ಏನೂ ಕೇಳಿಸಲಿಲ್ಲ. ಪರದೆ ಬಿದ್ದ ಮೇಲೆ ಯಜಮಾನರು ನನ್ನ ಪಕ್ಕದಲ್ಲೇ ಹಾದುಹೋಗುತ್ತ, ಹುಡುಗಿಗೆ ನಿಲ್ಲುವುದಕ್ಕೂ ಬರುವುದಿಲ್ಲ ಅಂತ ಗಾಳಿಗೆ ಹೇಳಿದರು.

ಮರುದಿನ ಮಧ್ಯಾಹ್ನ ನಾವು ಉಳಿದುಕೊಂಡಿದ್ದ ಮಿಸೆಸ್ ಓಲರೆನ್ಶಾಳ ಅಡುಗೆಮನೆಯಲ್ಲಿ ಊಟಕ್ಕೆ ಕೂತೆವು. ಹಾಲಿನಲ್ಲಿ ಬೇಯಿಸಿದ ಕರುಳು, ಈರುಳ್ಳಿ. ನಾನು, ಹೆಸ್ಟರ್, ಮತ್ತು ನಮ್ಮ ಹಾಸ್ಯನಟ ಬಾರ್ನಬಿ ಟೋಜರ್. ಬಾರ್ನಬಿ ಯಜಮಾನರಿಗಿಂತ ಹಳಬ. ವಿನೆಗರ್ ಸೀಸೆಯನ್ನು ರಂಗದ ಮೇಲೆ ಖಡ್ಗ ಆಡಿಸುವ ಹಾಗೆ ಆಡಿಸುತ್ತ ಹೆಸ್ಟರಳಿಗೆ ತನ್ನ ಬತ್ತಳಿಕೆ ತೆರೆದು ತೋರಿಸಿದ. ಯಜಮಾನರು ಉದ್ದ ಮಾತು ಹೇಳುವಾಗ ಕಸೂತಿ ಹಾಕು, ದಾರ ಕಡಿಯುವಾಗ ಹಲ್ಲು ತೋರಿಸು. ಅವರು ಅಳುವಾಗ ಒಂದು ಕುರ್ಚಿ ಸರಿಸು. ಕರವಸ್ತ್ರ ಬೀಳಿಸು, ಎತ್ತಿಕೊಳ್ಳಲು ಹೋಗು, ಎತ್ತಿಕೊಳ್ಳಬೇಡ. ಒಮ್ಮೆ ಹಲ್ ಅನ್ನುವ ಊರಿನಲ್ಲಿ ಒಬ್ಬ ಹೀಗೇ ಮೇಲೆ ಹೋದಾಗ ತಾನು ನೊಣ ಹಿಡಿಯುವ ಹಾಗೆ ನಟಿಸಿದೆ, ಇಲ್ಲದ ನೊಣಕ್ಕೆ ಜನ ಚಪ್ಪಾಳೆ ಹೊಡೆದರು ಅಂತ ಹೇಳಿ ತಾನೇ ನಕ್ಕ.

"ಅವರು ನಿನ್ನ ಮುಖ ಕದ್ದರೆ ನೀನು ಅವರ ಮಾತು ಕದಿಯಮ್ಮ. ಲೆಕ್ಕ ಸರಿ."

ಹೆಸ್ಟರ್ ತಟ್ಟೆ ಸರಿಸಿದಳು. "ನೊಣ ಹಿಡಿದರೆ ಜನ ನೊಣ ನೋಡ್ತಾರೆ, ಮಿಸ್ಟರ್ ಟೋಜರ್. ಆ ಹುಡುಗ ಸತ್ತಿದ್ದು ಹೇಗೆ ಅಂತ ಅವರು ಕೇಳಿಸ್ಕೋಬೇಕು. ನನಗೆ ಬೇಕಾಗಿರೋದು ಅದು."

ಬಾರ್ನಬಿಗೆ ಮುಖಭಂಗವಾಯಿತು. ಹಾಗಾದರೆ ಚಹಾ ತಟ್ಟೆಯೇ ನಿನಗೆ ಗತಿ ಅಂತ ಹೇಳಿ ಪೈಪು ಹುಡುಕಿಕೊಂಡು ಎದ್ದುಹೋದ.

ಮಿಸೆಸ್ ಓಲರೆನ್ಶಾ ಅಷ್ಟು ಹೊತ್ತೂ ನಮಗೆ ಬೆನ್ನು ಹಾಕಿ ಒಲೆಯ ಕಬ್ಬಿಣಕ್ಕೆ ಕಪ್ಪು ಪಾಲಿಶ್ ತಿಕ್ಕುತ್ತಿದ್ದಳು. ಊಟಕ್ಕೆ ಕೂತವರ ಮಾತಿಗೆ ಅವಳು ಬಾಯಿ ಹಾಕುವುದಿಲ್ಲ. ಆದರೆ ಅವತ್ತು, ಬ್ರಷ್ ನಿಲ್ಲಿಸದೆ, ಮುಂದಿನ ವಾರದಿಂದ ಕಂಪನಿಯವರನ್ನು ಇಟ್ಟುಕೊಳ್ಳುವುದಿಲ್ಲ, ತನ್ನ ಗಂಡನ ಎದೆ ಕಟ್ಟಿಹೋಗಿದೆ, ಡಾಕ್ಟರು ಇನ್ನು ಬೇಸಗೆಯ ತನಕ ಅಷ್ಟೇ ಅಂದಿದ್ದಾರೆ ಅಂತ ಹೇಳಿದಳು. ಹೇಳಿ ಮತ್ತೆ ತಿಕ್ಕಿದಳು. ನಾವಿಬ್ಬರೂ ಅವಳ ಬೆನ್ನನ್ನೇ ನೋಡುತ್ತ ಕೂತೆವು. ಅವಳಿಗೆ ನಾವು ಏನಾದರೂ ಹೇಳುವುದು ಬೇಕಿರಲಿಲ್ಲ.

ಹೊರಗೆ ಬಂದು ಕಾಲುವೆಯ ದಂಡೆ ಹಿಡಿದು ಥಿಯೇಟರಿಗೆ ನಡೆಯುವಾಗ ಹೆಸ್ಟರ್ ತಾನು ಮನೆ ಬಿಟ್ಟ ದಿನದ ಸುದ್ದಿ ತೆಗೆದಳು. ಅವಳ ಅಪ್ಪ ಕಾಕರ್‌ಮತ್‌ನಲ್ಲಿ ಕುದುರೆ ಜೀನು ಹೊಲಿಯುವವನು, ಪ್ರಾರ್ಥನಾಮಂದಿರದಲ್ಲಿ ಮುಂದಿನ ಬೆಂಚಿನವನು, ನಾಟಕ ಅಂದರೆ ಪಾಪ ಅನ್ನುವವನು. ನಾಟಕದ ಕಂಪನಿ ಸೇರುತ್ತೇನೆ ಅಂತ ಅವನಿಗೆ ಹೇಳಿದಾಗ ತಾನು ಕಿಟಕಿಯ ಕಡೆ ತಿರುಗಿ ತಟ್ಟೆ ತೊಳೆಯುತ್ತಿದ್ದೆ ಅಂದಳು. ಅಪ್ಪ ಹಿಂದೆ ಕೂತು ಚರ್ಮ ಹೊಲಿಯುತ್ತಿದ್ದ. ಸೂಜಿಯ ಸದ್ದು ನಿಂತಿದ್ದು ಕೇಳಿಸಿತು. ತಟ್ಟೆ ತೊಳೆಯುತ್ತಲೇ ಎಲ್ಲವನ್ನೂ ಹೇಳಿದೆ ಅಂದಳು.

"ತಿರುಗಿದ್ರೆ ಒಂದು ಮಾತೂ ಬರ್ತಿರಲಿಲ್ಲ ನನಗೆ."

ಅವಳ ತಲೆಯೊಳಗೆ ಏನು ನಡೆಯುತ್ತಿದೆ ಅಂತ ನನಗೆ ಆಗ ಹೊಳೆಯಿತು. ಹಾಗೆ ಮಾಡಬೇಡ ಅಂದೆ. ಮಾತು ಯಾರಿಗೋ ಅವರಿಗೆ ಬೆನ್ನು ಕೊಟ್ಟು ಮಾತಾಡುವುದು, ಅದೂ ಯಜಮಾನರಿಗೆ, ಅದೂ ರಂಗದ ಮೇಲೆ! ಕಂಪನಿ ನಾಟಕದಲ್ಲಿ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅವಮಾನ ಅಂದುಕೊಳ್ಳುತ್ತಾರೆ. ಈ ಕಂಪನಿ ಮಾತ್ರ ಅಲ್ಲ, ಯಾವ ಕಂಪನಿಯಲ್ಲೂ ನಿನಗೆ ಚಹಾ ತಟ್ಟೆಯೂ ಸಿಗದ ಹಾಗೆ ಸುದ್ದಿ ಹಬ್ಬಿಸುತ್ತಾರೆ.

ಅವಳು ಕಾಲುವೆಯ ಸೇತುವೆಯ ಮೇಲೆ ನಿಂತು ಯೋಚಿಸಿದಳು. ನಾನು ಹೇಳಿದ್ದನ್ನು ಅವಳು ತೂಗಿ ನೋಡಿದಳು, ಅದು ಅವಳ ಮುಖದಲ್ಲಿ ಕಂಡಿತು. ತಳ್ಳಿಹಾಕಲಿಲ್ಲ.

"ಹಬ್ಬಿಸಲಿ," ಅಂದಳು ಕೊನೆಗೆ. "ಒಂದು ಸಲ ಕೇಳಿಸಿರುತ್ತಲ್ಲ."

ಗುರುವಾರ, ಶುಕ್ರವಾರ ಅವಳು ಎಂದಿನ ಹಾಗೆ ತಿರುಗಿ ಜಡೆ ತೋರಿಸಿಯೇ ಆಡಿದಳು. ಯಜಮಾನರು ಗೆದ್ದವರ ಹಾಗೆ ಇದ್ದರು, ಅವಳಿಗೆ ಗಂಟಲಿಗೆ ಹಾಕಿಕೊಳ್ಳಲು ಸಕ್ಕರೆ ಗುಳಿಗೆ ಕೂಡ ಕೊಟ್ಟರು. ಹಗಲು ಹೊತ್ತು ಖಾಲಿ ಥಿಯೇಟರಿನಲ್ಲಿ ನಾನು ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಕೂತೆ, ಅವಳು ರಂಗದ ಮುಂಚೂಣಿಯಲ್ಲಿ ನಿಂತು, ಆ ಮಾತನ್ನು ಹೇಳಿ ನೋಡಿದಳು. ಮೊದಮೊದಲು ಕೂಗಿದಳು. ಕೂಗಿದರೆ ಅದು ಭಾಷಣ, ಬೀದಿಯಲ್ಲಿ ಕ್ರೈಸ್ತ ಬೋಧಕರು ಮಾಡುವ ಹಾಗೆ ಅಂತ ಹೇಳಿದೆ. ಆಮೇಲೆ ತಗ್ಗಿಸಿದಳು, ಪೂರ್ತಿ ತಗ್ಗಿಸಿದಳು. ತಗ್ಗಿಸಿದ ಮಾತು ಒಂದೊಂದೂ ಮೇಲೆ ಹತ್ತಿ ಬಂದು ನನ್ನ ಬೆಂಚಿನವರೆಗೂ ಮುಟ್ಟಿತು. ಮುಖ ಈ ಕಡೆ ಇದ್ದರೆ ದನಿಗೆ ಕಾಲು ಬರುತ್ತದೆ.

ಶನಿವಾರ ಥಿಯೇಟರು ತುಂಬಿತ್ತು. ಗಿರಣಿ ಅರ್ಧ ದಿನಕ್ಕೆ ಬಿಟ್ಟಿತ್ತು. ಗ್ಯಾಲರಿಯಲ್ಲಿ ಬೆಂಚಿಗೆ ಒತ್ತಿ ಒತ್ತಿ ಕೂತಿದ್ದರು, ಕಿತ್ತಳೆ ಸಿಪ್ಪೆಯ ವಾಸನೆ ನನ್ನ ಮೂಲೆಯವರೆಗೂ ಬರುತ್ತಿತ್ತು. ಮೂರನೆಯ ಅಂಕ ಬಂತು. ಅಪ್ಪ ಮಗಳು ಮೇಜಿನ ಹತ್ತಿರ. ಹೆಸ್ಟರ್ ಪ್ರಯಾಣದ ಕೋಟು ಹಾಕಿಕೊಂಡಿದ್ದಳು. "ವಿಲ್ ನಿಮ್ಮನ್ನ ಹಗ್ಗ ಕೇಳಿದ್ದ, ಅಪ್ಪ," ಅಂತ ಮೊದಲ ಮಾತು ಹೇಳಿದಳು. ಯಜಮಾನರ ಹಣೆ ಗಂಟಾಯಿತು, ಅವರಿಗೆ ಏನೋ ಯೋಚನೆ ಬಂತು, ಅವರ ಕಾಲು ಹೊರಟಿತು.

ಅವಳು ತಿರುಗಲಿಲ್ಲ.

ಯಜಮಾನರು ಮೇಲೆ ಹೋಗಿ ನಿಂತರು. ಅವಳು ತಿರುಗಲೆಂದು ಕಾದರು. ನಾನು ಪುಸ್ತಕದ ಹಾಳೆ ಹಿಡಿದ ಬೆರಳು ತೆಗೆಯಲಿಲ್ಲ. ಹೆಸ್ಟರ್ ಮುಂದಿನ ದೀಪಗಳ ಆಚೆ ಎಲ್ಲೋ, ತಟ್ಟೆ ತೊಳೆಯುವ ಕಿಟಕಿಯ ಆಚೆ ನೋಡುವ ಹಾಗೆ ನೋಡುತ್ತ ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹಾಕಿಕೊಳ್ಳುತ್ತಲೇ ಮಾತಾಡಿದಳು. ಹಗ್ಗ ಎಲ್ಲಿ ಸವೆದಿತ್ತು ಅನ್ನುವುದನ್ನು ಹೇಳಿದಳು. ವಿಲ್ ಅದನ್ನು ಊಟದ ಮೇಜಿನ ಮೇಲೆ ತಂದಿಟ್ಟು ತೋರಿಸಿದ್ದನ್ನು ಹೇಳಿದಳು. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿ ಸಾಸಿವೆ ಕೇಳಿದ್ದನ್ನು ಹೇಳಿದಳು.

ಯಜಮಾನರು ಮೇಲಿನಿಂದ ಕೆಮ್ಮಿದರು. ಅದು ಪುಸ್ತಕದಲ್ಲಿ ಇರಲಿಲ್ಲ. ಗ್ಯಾಲರಿಯಿಂದ ಹಲವು ಬಾಯಿ ಒಟ್ಟಿಗೆ ಶ್ ಅಂದವು.

ಯಜಮಾನರನ್ನು ಯಾರಾದರೂ ಶ್ ಅಂದಿದ್ದು ನಾನು ಕೇಳಿದ್ದು ಅದೇ ಮೊದಲು. ಅವರ ಮುಖದ ಮೇಲೆ ದೀಪ ಇತ್ತು, ಹುಬ್ಬು ಕೆಲಸ ಮಾಡುತ್ತಿತ್ತು, ಕೈ ಎದೆಯ ಮೇಲಿತ್ತು. ಯಾರೂ ನೋಡುತ್ತಿರಲಿಲ್ಲ. ಗ್ಯಾಲರಿಯ ಕಟಕಟೆಯ ಮೇಲೆ ಹೆಂಗಸರು ಮುಂದಕ್ಕೆ ಬಾಗಿದ್ದರು. ಅಷ್ಟು ಜನರ ಉಸಿರು ಅವಳ ಕೈಗವಸಿನ ಗುಂಡಿಗೆ ಸಿಕ್ಕಿಹಾಕಿಕೊಂಡಿತ್ತು.

ಈಗ ಅವರ ಉತ್ತರ ಬರಬೇಕಿತ್ತು: ಹಗ್ಗ ಗಟ್ಟಿಯಿತ್ತು ಅನ್ನುವ ಮಾತು. ಬರಲಿಲ್ಲ. ಅವರು ಬಾಯಿ ತೆರೆದರು, ಮುಚ್ಚಿದರು. ಮರೆತರು ಅಂದುಕೊಂಡು ನಾನು ಪಿಸುಗುಟ್ಟಲು ಮುಂದಕ್ಕೆ ಬಾಗಿದೆ. ಮರೆತಿರಲಿಲ್ಲ. ಅವರು ಅವಳ ಬೆನ್ನನ್ನು ನೋಡುತ್ತಿದ್ದರು, ನಾವು ಮಿಸೆಸ್ ಓಲರೆನ್ಶಾಳ ಬೆನ್ನನ್ನು ನೋಡಿದ ಹಾಗೆ. ಮಗಳ ಮುಖ ಕಾಣದೆ ಆ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ.

ಅವರು ಕೆಳಗೆ ಬಂದರು. ಬಾವು ಬಂದ ಮಂಡಿಗೆ ಆ ಇಳಿಜಾರಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ನಿಧಾನವಾಗಿ ಇಳಿದು, ಅವಳನ್ನು ದಾಟಿ, ದೀಪಗಳ ಅಂಚಿಗೆ ಬಂದು, ಅವಳ ಮುಖ ನೋಡಲು ತಿರುಗಿ ನಿಂತರು. ಇಡೀ ಬರ್ನ್ಲಿಗೆ ಲೂಷಿಯನ್ ಹಾರ್ಬಾಟಲ್ ಅವರ ಬೆನ್ನು ಕಂಡಿತು. ಕೋಟಿನ ಹೊಲಿಗೆ, ಅಂಟಿಸಿದ ಕೂದಲಿನ ಕೆಳಗಿನ ಗಡಿ, ಎಲ್ಲ ಕಂಡಿತು. ಮುಖ ಕಂಡಿದ್ದು ಹೆಸ್ಟರಳಿಗೆ, ಮೂಲೆಯಿಂದ ಅರ್ಧ ನನಗೆ. ಅದರಲ್ಲಿ ಹುಬ್ಬಿನ ಕೆಲಸ ಏನೂ ಇರಲಿಲ್ಲ.

"ಹಗ್ಗ ಗಟ್ಟಿಯಿತ್ತು, ಮಗಳೇ," ಅಂದರು. ಬೆನ್ನಿಂದಲೇ ಅದು ಗ್ಯಾಲರಿಗೆ ಮುಟ್ಟಿತು.

ಹೆಸ್ಟರ್ ತಡವರಿಸಿದಳು. ಮುಂದಿನ ಮಾತು ಅವಳದು, ಆದರೆ ಇಷ್ಟು ಹತ್ತಿರದಿಂದ ಅಪ್ಪನ ಕಣ್ಣು ನೋಡಿ ಹೇಳಬೇಕಾದೀತು ಅಂತ ಅವಳು ಎಣಿಸಿರಲಿಲ್ಲ. ಆಗ ಯಜಮಾನರು ತುಟಿ ಅಲ್ಲಾಡಿಸದೆ, ನನಗೂ ಅವಳಿಗೂ ಮಾತ್ರ ಕೇಳಿಸುವ ಹಾಗೆ ಹೇಳಿದರು: "ನಿಲ್ಲಿಸಬೇಡ ಕಣೇ. ಹೇಳು."

ಅವಳು ಹೇಳಿದಳು.

ಪರದೆ ಬಿತ್ತು. ಗ್ಯಾಲರಿಯವರ ಮರದ ಅಟ್ಟೆಯ ಬೂಟುಗಳು ನೆಲಕ್ಕೆ ಬಡಿಯತೊಡಗಿದವು, ನನ್ನ ಸ್ಟೂಲು ನಡುಗಿತು.

ಯಜಮಾನರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಹೆಸ್ಟರ್ ಅಲ್ಲೇ ನಿಂತಿದ್ದರೂ ಅವಳ ಕಡೆ ನೋಡಲಿಲ್ಲ. ಮಿಸ್ ಪಿಮ್‌ಗೆ ತಂತಿ ಕೊಡು, ಬ್ಲ್ಯಾಕ್‌ಬರ್ನಿಗೆ ಬರುವುದು ಬೇಡ ಅಂತ ನನಗೆ ಹೇಳಿದರು. ಕಾರಣ ಏನಂತ ಬರೆಯಲಿ ಅಂದೆ. ಪಾತ್ರಕ್ಕೆ ಆಳು ಸಿಕ್ಕಿದೆ ಅಂತ ಬರಿ ಅಂದು, ಹೋಗುತ್ತ ಹೋಗುತ್ತ, ಕೈಗವಸಿನ ಗುಂಡಿ ದೊಡ್ಡದು ಬೇಕು, ಚಿಕ್ಕದಾದರೆ ಗ್ಯಾಲರಿಗೆ ಕಾಣುವುದಿಲ್ಲ ಅಂತ ಗೊಣಗಿದರು.

ಸೋಮವಾರ ಬ್ಲ್ಯಾಕ್‌ಬರ್ನಿನಲ್ಲಿ ಅವರು ಮತ್ತೆ ಮೇಲಕ್ಕೆ ಹೋದರು. ಚಟ ಎರಡು ದಿನದಲ್ಲಿ ಬಿಡುತ್ತದೆಯೆ? ಅವಳು ಮತ್ತೆ ತಿರುಗಲಿಲ್ಲ. ಅವರು ಮತ್ತೆ ಇಳಿದು ಬಂದರು, ಜನ ಮತ್ತೆ ನೆಲ ಬಡಿದರು. ಪ್ರೆಸ್ಟನ್ ತಲುಪುವ ಹೊತ್ತಿಗೆ, ಒಡೆಯ ಪ್ರೇಕ್ಷಕರಿಗೆ ಬೆನ್ನು ಕೊಟ್ಟು ಮಾತಾಡುವುದು ತಾವು ವರ್ಷಗಟ್ಟಲೆ ಚಿಂತಿಸಿ ಕಂಡುಹಿಡಿದ ಹೊಸ ರೀತಿ ಅಂತ ಪತ್ರಿಕೆಯವನಿಗೆ ಹೇಳಿದ್ದರು. ಅಚ್ಚಾಗಿಯೂ ಬಂತು. ಹೆಸ್ಟರಳ ಹೆಸರು ಎಲ್ಲೂ ಇರಲಿಲ್ಲ.

ನಾನು ಆ ಪತ್ರಿಕೆ ಹಿಡಿದು ಉರಿಯುತ್ತ ಅವಳ ಕೋಣೆಗೆ ಹೋದೆ. ಅವಳು ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದಳು. ಓದಿ ಮಡಚಿಟ್ಟಳು.

"ಹೇಳಿಕೊಳ್ಳಲಿ ಬಿಡಿ, ಮಿಸೆಸ್ ಗ್ರೀವ್. ಅವರು ಕೆಳಗೆ ಬರೋದು ನಿಲ್ಲಿಸಿದ ದಿನ ನನಗೆ ಹೇಳಿ."

ಆಮೇಲೆ ಹಲ್ಲಿನಿಂದ ದಾರ ಕಡಿದು, ಮುಂದಿನ ತಿಂಗಳು ಹೋಗುವ ಗ್ಲಾಸ್ಗೋ ಥಿಯೇಟರಿನಲ್ಲಿ ಗ್ಯಾಲರಿ ಎಷ್ಟು ಎತ್ತರದಲ್ಲಿದೆ ಅಂತ ಕೇಳಿದಳು.